ಹತ್ತಾಳು ಎತ್ತರದ ಮದುವೆ

ನಮ್ಮೂರಿನಲ್ಲಿ ಒಬ್ಬರೇ ಹಾಡಿದರೆ ಕಲ್ಲು ಏಳುವುದಿಲ್ಲ. ನೆಲದ ಹಿಡಿತ ಬಿಟ್ಟು, ದಡಕ್ಕೆ ಕಟ್ಟಿದ ದೋಣಿಯಂತೆ ಸುಮ್ಮನೆ ಅಲುಗುತ್ತದೆ, ಅಷ್ಟೆ. ಇಬ್ಬರು ಹಾಡಿದರೆ ಒಂದಾಳು ಎತ್ತರಕ್ಕೆ ಏಳುತ್ತದೆ. ಆಳು ಎಂದರೆ ದೊಡ್ಡವರೊಬ್ಬರು ನೆಟ್ಟಗೆ ನಿಂತರೆ ಆಗುವ ಎತ್ತರ. ನಾಲ್ವರು ಹಾಡಿದರೆ ಎರಡಾಳು, ಎಂಟು ಮಂದಿ ಹಾಡಿದರೆ ಮೂರಾಳು, ಹದಿನಾರು ಮಂದಿಗೆ ನಾಲ್ಕಾಳು. ಹಾಡುವವರು ಎರಡರಷ್ಟಾದರೆ ಕಲ್ಲು ಇನ್ನೊಂದಾಳು ಏರುತ್ತದೆ. ಮೇಲೆ ಕೂತದ್ದು ಕೋಳಿಯೋ ಎಮ್ಮೆಯೋ, ಕಲ್ಲಿಗೆ ಅದರ ಲೆಕ್ಕವಿಲ್ಲ. ಹಾಡು ನಿಂತರೆ ಉಸಿರು ಬಿಟ್ಟ ಹಾಗೆ ಮೆಲ್ಲಗೆ ಕೆಳಗಿಳಿಯುತ್ತದೆ. ಅದರಿಂದ ಬಿದ್ದು ಕೈಕಾಲು ಮುರಿದುಕೊಂಡವರು ನಮ್ಮಲ್ಲಿ ಯಾರೂ ಇಲ್ಲ.

ಹೀಗಾಗಿ ನಮ್ಮಲ್ಲಿ ಏಣಿ ಇಟ್ಟುಕೊಂಡವರು ಕಡಿಮೆ. ಗೋಡೆಗೆ ಸುಣ್ಣ ಬಳಿಯಲು ಬಂದವನು ಮೊದಲು "ಎಷ್ಟಾಳು ಗ್ವಾಡಿ ಐತ್ರಿ?" ಎಂದು ಕೇಳುತ್ತಾನೆ, ಎರಡಾಳು ಎಂದರೆ ಮನೆಯವರು ನಾಲ್ವರು ಗಂಟಲು ಸರಿಮಾಡಿಕೊಂಡು ನಿಲ್ಲುತ್ತಾರೆ. ಹುಣಸೆಮರ ಬಡಿಯುವ ದಿನ ಎಂಟು ಹೆಂಗಸರು ಸೇರುತ್ತಾರೆ. ಜನರನ್ನು ಎಣಿಸುವುದೂ ಇದೇ ಲೆಕ್ಕದಲ್ಲಿ. ಎಂಟು ಜನರಿರುವ ಮನೆಗೆ ಮೂರಾಳಿನ ಮನೆ ಎನ್ನುತ್ತೇವೆ, ಮೂವತ್ತೆರಡು ಎಲೆ ಹಾಕಿದರೆ ಅದು ಐದಾಳಿನ ಊಟ. ಬೇರೆ ಊರಿನಿಂದ ಬಂದ ಸೊಸೆಯಂದಿರು ಮೊದಮೊದಲು ಐದಾಳಿನ ಊಟಕ್ಕೆ ಐದೇ ಎಲೆ ಹಾಕಿ ಪೇಚಾಡಿದ್ದುಂಟು.

ಊರಿನಲ್ಲಿ ಇಂಥ ಕಲ್ಲು ಎರಡೇ. ನಮ್ಮ ಬಾವಿ ಓಣಿಯದು ಕರಿಗಲ್ಲು, ಗಡಿಯಾರ ಓಣಿಯದು ಕೆಂಪುಗಲ್ಲು. ಎರಡೂ ಮಂಚದಷ್ಟು ಅಗಲದ ಚಪ್ಪಡಿಗಳು. ಕರಿಗಲ್ಲು ನಮ್ಮ ಓಣಿಯ ಹಾಡಿಗೆ ಮಾತ್ರ ಏಳುತ್ತದೆ, ಕೆಂಪುಗಲ್ಲು ಅವರ ಹಾಡಿಗೆ ಮಾತ್ರ. ನಮ್ಮ ಹಾಡು ಸುಲಭ. ರಾಗಿ ಬೀಸುತ್ತಲೋ ಎಮ್ಮೆ ಮೈ ತೊಳೆಯುತ್ತಲೋ ಕಲಿತುಬಿಡಬಹುದು. ಅವರದು ಹಾಗಲ್ಲ. ಅದರಲ್ಲಿ ತಿರುವುಗಳು ಬಹಳ, ಒಂದು ತಿರುವು ತಪ್ಪಿದರೂ ಕಲ್ಲು ಆ ದನಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಚಿಕ್ಕಂದಿನಿಂದ ಕೇಳಿ ಬೆಳೆದವರಿಗೆ ಮಾತ್ರ ಅದು ಸಲೀಸಾಗಿ ಬರುತ್ತದೆ.

ನಮ್ಮ ಓಣಿಯ ಹಾಡು ಹಿಡಿಯುವ ಮುಂದಾಳು ನಮ್ಮಪ್ಪ ಹಾಲಪ್ಪ. ಗಡಿಯಾರ ಓಣಿಯ ಮುಂದಾಳು ನನ್ನ ಸೋದರಮಾವ ಕೊಟ್ರಪ್ಪ, ಅಂದರೆ ನಮ್ಮವ್ವ ಸಾವಂತ್ರವ್ವನ ಒಡಹುಟ್ಟಿದ ಅಣ್ಣ. ಇವರಿಬ್ಬರಿಗೂ ಮಾತು ಬಿಟ್ಟುಹೋಗಿತ್ತು. ನಾನು ಇನ್ನೂ ಲಂಗ ಹಾಕುತ್ತಿದ್ದ ಕಾಲದಲ್ಲಿ ಆ ಓಣಿಯ ಗೋಪುರಕ್ಕೆ ಗಡಿಯಾರ ಏರಿಸಿದರು. ಕೊಟ್ರಪ್ಪಮಾವ ಕೆಂಪುಗಲ್ಲು ಸಜ್ಜು ಮಾಡಿಕೊಂಡು, ಜನರನ್ನು ಕೂಡಿಸಿ, ಹಾಡು ಎತ್ತಿಕೊಂಡಿದ್ದ. ಅಪ್ಪ ಅಲ್ಲಿಗೆ ಹೋಗಿ ಎಲ್ಲರೆದುರು, "ನಿಮ್ಮ ಹಾಡು ಮುಗಿಯೂದ್ರಾಗ ಗಡಿಯಾರ ಕೆಟ್ಟು ನಿಂತಿರತೈತಿ" ಎಂದು ನಕ್ಕು, ನಮ್ಮ ಕರಿಗಲ್ಲು ತರಿಸಿ ಗಡಿಯಾರ ಏರಿಸಿಬಿಟ್ಟ. ಅವತ್ತಿನಿಂದ ಮಾವ ನಮ್ಮ ಮನೆಗೆ ಬರಲಿಲ್ಲ, ಅವ್ವ ತವರಿಗೆ ಹೋಗಲಿಲ್ಲ. ಕೆಂಪುಗಲ್ಲನ್ನು ನಲ್ಲಿಯ ಹತ್ತಿರ ಹಾಕಿದರು. ಅದು ಬಟ್ಟೆ ಒಗೆಯುವ ಕಲ್ಲಾಯಿತು, ಆ ಓಣಿಯ ಹಾಡೂ ನಿಂತುಹೋಯಿತು.

ನನ್ನ ವಿಷಯ ಹೇಳಬೇಕು. ನನ್ನ ಹೆಸರು ನೀಲವ್ವ. ಎಳವೆಯ ಜ್ವರದಲ್ಲಿ ಎಡಗಾಲು ಸೋತಿತು, ಕಂಕುಳಿಗೆ ಊರುಗೋಲು ಬಂತು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆಯ ಮಷಿನ್ ಹಾಕಿಕೊಂಡು ಊರಿನ ಅರ್ಧ ಬಟ್ಟೆ ನಾನೇ ಹೊಲಿಯುತ್ತಿದ್ದೆ. ನಮ್ಮೂರಿನ ಬೆನ್ನಿಗೆ ಹತ್ತಾಳು ಎತ್ತರದ ಬಂಡೆ ನೇರಕ್ಕೆ ನಿಂತಿದೆ. ಅದರ ತಲೆಯ ಮೇಲೆ ಇನ್ನೊಂದು ಊರು. ಬಂಡೆಯಲ್ಲೇ ಕಡಿದ ಇಕ್ಕಟ್ಟು ಮೆಟ್ಟಿಲುಗಳಿವೆ, ಕಾಲು ಗಟ್ಟಿಯಿದ್ದವರು ಹತ್ತಿಹೋಗುತ್ತಾರೆ. ಇಲ್ಲದವರು ಗುಡ್ಡ ಸುತ್ತುವ ದಾರಿಯಲ್ಲಿ ಜೀಪು ಹಿಡಿಯಬೇಕು. ಮೇಲಿನವರಿಗೆ ಕಲ್ಲೂ ಇಲ್ಲ, ಅದಕ್ಕೆ ಬೇಕಾದ ಹಾಡೂ ಬಾರದು. ಅವರ ಹತ್ತಿರ ಇರುವುದು ಗಾಳಿ ಮತ್ತು ಒಂದು ಹೈಸ್ಕೂಲು.

ಆ ಹೈಸ್ಕೂಲಿನಲ್ಲಿ ಗಣಿತ ಹೇಳುವ ತೋಂಟೇಶ ಮಾಸ್ತರರು ಒಂದು ಅಂಗಿ ಹೊಲಿಸಲು ಕೆಳಗೆ ಬಂದರು. ಆಮೇಲೆ ಇನ್ನೊಂದು. ಆಮೇಲೆ ತೋಳು ಉದ್ದವಾಯಿತೆಂದು ಬಂದರು, ಗುಂಡಿ ಸಡಿಲವೆಂದು ಬಂದರು. ಗುಂಡಿಯನ್ನು ಅವರೇ ಕಿತ್ತುಕೊಂಡು ಬಂದಿದ್ದು ದಾರದ ತುದಿ ನೋಡಿದರೆ ಗೊತ್ತಾಗುತ್ತಿತ್ತು.

"ಮಾಸ್ತರ್ರ, ನಿಮಗ ಇನ್ನ ಎಷ್ಟು ಅಂಗಿ ಬೇಕ್ರಿ?" ಎಂದು ಒಂದು ದಿನ ಕೇಳಿಯೇಬಿಟ್ಟೆ.

ಅವರು ಅಳತೆ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ ನಿಂತರು. "ಅಂಗಿ ಸಾಕಾಗ್ಯಾವ್ರಿ. ಬರೂದು ಮಾತ್ರ ಸಾಕಾಗಿಲ್ಲ."

ನಾನು ಮಷಿನ್ ತುಳಿಯುವುದನ್ನು ನಿಲ್ಲಿಸಿದೆ. ಮರುವಾರ ಅವರ ತಾಯಿ ಜೀಪಿನಲ್ಲಿ ಬಂದು ಅವ್ವನ ಹತ್ತಿರ ಮಾತಾಡಿದರು. ಮದುವೆ ಮೇಲಿನ ಊರಿನಲ್ಲಿ, ಗಂಡಿನ ಮನೆಯಂಗಳದಲ್ಲಿ ಎಂದು ನಿಶ್ಚಯವಾಯಿತು.

ಮದುವೆಗೆ ಇನ್ನೂ ಸ್ವಲ್ಪ ದಿನ ಇರುವಾಗ ಗುಡ್ಡ ಜಾರಿತು. ಯಾರಿಗೂ ಏನೂ ಆಗಲಿಲ್ಲ, ಆದರೆ ಜೀಪಿನ ದಾರಿ ಎರಡು ಕಡೆ ಕಿತ್ತುಹೋಯಿತು. ರಿಪೇರಿಗೆ ಒಂದು ವರ್ಷವಾದರೂ ಬೇಕು ಎಂದರು. ನಮ್ಮ ಮನೆಯಲ್ಲಿ ಜನ ಸೇರಿದರು. ಬೆತ್ತದ ಕುರ್ಚಿಗೆ ಬಿದಿರು ಕಟ್ಟಿ ಮೆಟ್ಟಿಲ ಮೇಲೆ ನಾಲ್ವರು ಹೊತ್ತೊಯ್ಯುವುದು ಎಂದು ಒಬ್ಬರು, ಅಷ್ಟು ಅಗಲ ಮೆಟ್ಟಿಲಿಲ್ಲ, ಗಟ್ಟಿಯಾದವನೊಬ್ಬ ಬೆನ್ನಿಗೆ ಹಾಕಿಕೊಂಡು ಹತ್ತಲಿ ಎಂದು ಇನ್ನೊಬ್ಬರು.

"ನಾ ಒಲ್ಲೆ," ಎಂದೆ. ಎಲ್ಲರೂ ನನ್ನ ಕಡೆ ತಿರುಗಿದರು. "ಸಾಲಿಗೆ ಹೊತ್ತುಕೊಂಡು ಹೋದ್ರಿ, ಜಳಕಕ್ಕ ಹೊತ್ತುಕೊಂಡು ಹೋದ್ರಿ, ಪರೀಕ್ಷಾಕ್ಕ ಹೊತ್ತುಕೊಂಡು ಹೋದ್ರಿ. ನನ್ನ ಮನಿಗೆ ನಾ ಮೂಟಿ ಆಗಿ ಹೋಗಾಂಗಿಲ್ಲ."

ಮಾಸ್ತರರು ಸುದ್ದಿ ಕೇಳಿ ಮೆಟ್ಟಿಲಿಳಿದು ಓಡಿ ಬಂದರು. "ಮದುವಿ ಇಲ್ಲೇ ಆಗ್ಲಿ. ನಾನೂ ಇಲ್ಲೇ ಇರ್ತೀನಿ. ದಿನಾ ಹತ್ತಿ ಹೋಗಿ ಪಾಠ ಹೇಳಿ ಇಳಿದು ಬರ್ತೀನಿ," ಎಂದರು. ಅವರು ಅದನ್ನು ಮಾಡುತ್ತಿದ್ದರು ಕೂಡ. ಆದರೆ ನನ್ನ ಮನಸ್ಸು ಒಪ್ಪಲಿಲ್ಲ. ಹುಟ್ಟಿದಾಗಿನಿಂದ ನಾನು ಇಲ್ಲಿ ಕೂತು ಆ ಬಂಡೆಯ ಅಂಚು ನೋಡಿದ್ದೇನೆ. ಒಂದು ಸಲ ಆ ಅಂಚಿನಿಂದ ಇಲ್ಲಿಗೆ ನೋಡಬೇಕಾಗಿತ್ತು. ಹಾಗೆಂದು ಅವರಿಗೆ ಹೇಳಿದೆ.

ಅಪ್ಪ ಮಾಡಿನ ಕಡೆ ನೋಡುತ್ತ ಲೆಕ್ಕ ಹಾಕಿದ. "ಹತ್ತಾಳು ಅಂದ್ರ ಸಾವಿರದ ಇಪ್ಪತ್ನಾಕು ಮಂದಿ ಹಾಡಬೇಕು. ನಮ್ಮ ಓಣಿಯೊಳಗ ಗಂಟಲಿದ್ದೋರನ್ನ ಎಲ್ಲಾ ಕೂಡಿಸಿದ್ರ ಅರವತ್ನಾಕು. ಆರಾಳು. ಅಷ್ಟ ನನ್ನ ಕೈಲಾಗೂದು, ಮಗಳ." ಅಪ್ಪ ಕೈಲಾಗದು ಎಂಬ ಮಾತು ಆಡಿದ್ದನ್ನು ನಾನು ಅದೇ ಮೊದಲ ಸಲ ಕೇಳಿದ್ದು.

ಎಲ್ಲರೂ ಎದ್ದುಹೋದ ಮೇಲೆ ಮಾಸ್ತರರೂ ನಾನೂ ಹೊಲಿಗೆ ಮೇಜಿನ ಎದುರುಬದುರು ಕೂತಿದ್ದೆವು. ಅವ್ವ ಒಳಗೆ ಅವಲಕ್ಕಿ ಹಚ್ಚುತ್ತಿದ್ದಳು. ನಾನು ಸುಮ್ಮನೆ ಗುಂಡಿ ಡಬ್ಬಿ ಬಗ್ಗಿಸಿ ಆಡುತ್ತ ಕಪ್ಪು ಗುಂಡಿಗಳನ್ನು ಒಂದು ಕಡೆ, ಕೆಂಪು ಗುಂಡಿಗಳನ್ನು ಒಂದು ಕಡೆ ಜೋಡಿಸಿದೆ. ಎಂಟು ಇಲ್ಲಿ, ಎಂಟು ಅಲ್ಲಿ.

"ಒಂದು ಕಲ್ಲಿನ ಮ್ಯಾಲೆ ಇನ್ನೊಂದು ಕಲ್ಲು ಇಟ್ರ ಏನಾಗತೈತ್ರಿ?" ಎಂದೆ.

"ಹಂಗ ಯಾರಾದ್ರೂ ಮಾಡ್ಯಾರೇನು?"

"ಇಲ್ಲ. ಎರಡೂ ಓಣಿ ಯಾವತ್ತೂ ಒಂದ ಕಡೆ ಹಾಡಿಲ್ಲ."

ಮಾಸ್ತರರು ಮುಂದೆ ಬಾಗಿದರು. "ಕೆಳಗ ಕರಿಗಲ್ಲು. ಎಂಟು ಮಂದಿ ಹಾಡಿದ್ರ ಮೂರಾಳು. ಅದರ ಬೆನ್ನ ಮ್ಯಾಲಿಂದ ಕೆಂಪುಗಲ್ಲು. ಅದಕ್ಕೂ ಎಂಟು ಮಂದಿ, ಇನ್ನೊಂದು ಮೂರಾಳು. ಕೂಡಿಸಿದ್ರ ಆರಾಳು."

"ಆರಾಳಂದ್ರ ಅರವತ್ನಾಕು ಮಂದಿ ಹಾಡಿಧಂಗ," ಎಂದೆ. ಮೇಜಿನ ಮೇಲಿದ್ದದ್ದು ಹದಿನಾರೇ ಗುಂಡಿ.

"ಎಂಟೆಂಟ್ಲೆ ಅರವತ್ನಾಕು," ಎಂದು ಮಾಸ್ತರರು ಮಗ್ಗಿ ಹೇಳುವ ಹುಡುಗನಂತೆ ನಿಧಾನವಾಗಿ ಹೇಳಿದರು. ಆಮೇಲೆ ಒಂದು ಗುಂಡಿ ಎತ್ತಿ ಹಿಡಿದು ನಗತೊಡಗಿದರು. "ಪುಸ್ತಕದಾಗ ಇದಕ್ಕ ಲಘುಗಣಕ ಅಂತಾರ. ಎರಡು ಲಘುಗಣಕ ಕೂಡಿಸಿ ಒಂದು ಮಾಡೂದಾದ್ರ ಒಳಗಿನ ಅಂಕಿ ಗುಣಿಸಬೇಕು, ಕಳೆಯೂದಾದ್ರ ಭಾಗಿಸಬೇಕು ಅಂತ ಹುಡುಗರಿಗೆ ಹೇಳಿ ಹೇಳಿ ನನ್ನ ಗಂಟಲ ಹೋಗೇತಿ. ಒಬ್ಬರಿಗೂ ತಲಿಗೆ ಹತ್ತಿಲ್ಲ. ನಿಮ್ಮ ಊರಾಗ ಅದು ಓಡ್ಯಾಡಕತ್ತೈತಿ."

"ಲಘು ಅಂದ್ರ ಹಗುರ ಅಲ್ಲೇನ್ರಿ?"

"ಹೌದು."

"ಮತ್ತ ಸರಿ ಐತಿ ಹೆಸರು," ಎಂದೆ. ಇಬ್ಬರೂ ಸೇರಿ ಗುಂಡಿಗಳನ್ನು ಹೆಚ್ಚಿಸುತ್ತ ಹೋದೆವು. ಮೂವತ್ತೆರಡು ಕಪ್ಪು, ಮೂವತ್ತೆರಡು ಕೆಂಪು. ಐದಾಳು ಮತ್ತು ಐದಾಳು. ಮೂವತ್ತೆರಡನ್ನು ಮೂವತ್ತೆರಡರಿಂದ ಗುಣಿಸಿದರೆ ಅಪ್ಪ ಹೇಳಿದ ಸಾವಿರದ ಇಪ್ಪತ್ತನಾಲ್ಕು ಸರಿಯಾಗಿ ಬಂತು. ಸಾವಿರ ಜನ ಬೇಕಿಲ್ಲ, ಅರವತ್ತನಾಲ್ಕು ಜನ ಸಾಕು. ಬೇಕಾದದ್ದು ಇನ್ನೊಂದು ಕಲ್ಲು. ಅವಲಕ್ಕಿ ತಂದ ಅವ್ವ ಮೇಜಿನ ಮೇಲಿನ ಕೆಂಪು ಗುಂಡಿಗಳನ್ನು ನೋಡಿದಳು, ನನ್ನ ಮುಖ ನೋಡಿದಳು.

ಮರುದಿನ ಬೆಳಿಗ್ಗೆ ಊರುಗೋಲು ಹಾಕಿಕೊಂಡು ಗಡಿಯಾರ ಓಣಿಗೆ ಹೋದೆ. ಕೊಟ್ರಪ್ಪಮಾವ ಕಟ್ಟೆಯ ಮೇಲೆ ಕೂತು ಹಲ್ಲುಜ್ಜುತ್ತಿದ್ದ. ನನ್ನನ್ನು ನೋಡಿ ಬಾಯಿ ಮುಕ್ಕಳಿಸುವುದನ್ನೂ ಮರೆತು ಎದ್ದು ನಿಂತ.

"ಬಾ ತಾಯಿ. ಏನ ಇಷ್ಟು ದೂರ ಬಂದಿ?"

"ಮಾವ, ಮದುವ್ಯಾಗ ಹೆಣ್ಣನ್ನ ಹಂದರಕ್ಕ ಎತ್ತಿಕೊಂಡು ಹೋಗೋರು ಯಾರು?"

ಅವನ ಮುಖ ಕೆಂಪಾಯಿತು. "ಸೋದರಮಾವ. ನಿಮ್ಮಪ್ಪ ನನ್ನ ಕರದಿದ್ರ ನಾ ಎತ್ತಿಕೊಂಡು ಹೋಗ್ತಿದ್ದೆ. ಕರೀಲಿಲ್ಲ."

"ನಾ ಕರಿಯಾಕ ಬಂದೀನಿ. ಆದ್ರ ಕೈಯಿಂದ ಎತ್ತೂದು ಬ್ಯಾಡ. ಹಾಡಿ ಎತ್ತು."

ನಾನು ಕಲ್ಲಿನ ವಿಷಯ ಹೇಳಿ ಮುಗಿಸುವವರೆಗೆ ಮಾವ ನೆಲ ನೋಡುತ್ತಿದ್ದ. ಆಮೇಲೆ ನಲ್ಲಿಯ ಹತ್ತಿರ ಹೋಗಿ, ಕೆಂಪುಗಲ್ಲಿನ ಮೇಲೆ ರಾಶಿ ಹಾಕಿದ್ದ ಒದ್ದೆ ಬಟ್ಟೆಗಳನ್ನು ಒಂದೊಂದಾಗಿ ಎತ್ತಿ ಬೇರೆ ಕಡೆ ಇಟ್ಟ. ಬಟ್ಟೆ ಒಗೆಯುತ್ತಿದ್ದ ಹೆಂಗಸು ಬೈದಳು. "ನಿನಗ ಬ್ಯಾರೆ ಕಲ್ಲು ಕೊಡ್ತೀನವ್ವ. ಇದಕ್ಕ ಕೆಲಸ ಬಂದೈತಿ," ಎಂದ. ನನ್ನ ಕಡೆ ತಿರುಗಿ, "ಮೂವತ್ತೆರಡು ಮಂದಿ ಅಲ್ಲಾ? ನಾ ತರ್ತೀನಿ. ನಿಮ್ಮಪ್ಪಗ ಹೇಳು, ಹಾಡು ಮುಗಿಯೂತನಕ ಸುಮ್ಮನ ಇರಬೇಕಂತ," ಎಂದ.

ಅಪ್ಪನನ್ನು ಒಪ್ಪಿಸಲು ನನಗೆ ಮಾತೇ ಬೇಕಾಗಲಿಲ್ಲ. ನಾನು ಗಡಿಯಾರ ಓಣಿಯಿಂದ ವಾಪಸು ಬರುವಷ್ಟರಲ್ಲಿ ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ಅಪ್ಪ ಹೊಸ್ತಿಲಲ್ಲಿ ನಿಂತಿದ್ದ. "ನಿನ್ನ ಸಲುವಾಗಿ," ಎಂದ, ಅಷ್ಟೆ.

ಅಭ್ಯಾಸಕ್ಕೆ ಎಂಟೆಂಟು ಜನ ಬಂಡೆಯ ಬುಡದಲ್ಲಿ ಸೇರಿದರು. ಅಪ್ಪನ ಗುಂಪು ಬಲಕ್ಕೆ, ಮಾವನ ಗುಂಪು ಎಡಕ್ಕೆ, ನಡುವೆ ಇಪ್ಪತ್ತು ಹೆಜ್ಜೆಯಷ್ಟು ಜಾಗ. ಇಬ್ಬರು ಮುಂದಾಳುಗಳೂ ಒಬ್ಬರನ್ನೊಬ್ಬರು ನೋಡದೆ ಕೆಮ್ಮಿದರು. ಕೆಂಪುಗಲ್ಲನ್ನು ಬಂಡಿಯಲ್ಲಿ ಹೇರಿ ತಂದು, ಎಲ್ಲರೂ ಕೈಹಾಕಿ ಕರಿಗಲ್ಲಿನ ಮೇಲೆ ಇಳಿಸಿದರು. ನಾನು ಮೇಲೆ ಕೂತೆ. ಎರಡೂ ಗುಂಪು ಹಾಡು ಶುರು ಮಾಡಿದವು.

ಕಲ್ಲು ಮಿಸುಕಲಿಲ್ಲ. ಹದಿನಾರು ಜನ ಕೊರಳುಬ್ಬಿಸಿ ಹಾಡಿದರೂ ನಾನು ನೆಲದ ಮೇಲೇ ಇದ್ದೆ. ಅಪ್ಪನ ಹುಬ್ಬು ಗಂಟಿಕ್ಕಿತು. ಮಾವನ ಕತ್ತಿನ ನರ ಎದ್ದಿತು. ಇಬ್ಬರೂ ಇನ್ನಷ್ಟು ಜೋರು ಮಾಡಿದರು. ನಾನು ಊರುಗೋಲು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತವಳಂತೆ ಕೂತಿದ್ದನ್ನು ಕಂಡು ಮಾವನ ಗುಂಪಿನ ಮುದುಕನೊಬ್ಬನಿಗೆ ನಗು ತಡೆಯಲಾಗಲಿಲ್ಲ. ಅವನನ್ನು ನೋಡಿ ಪಕ್ಕದವನು ನಕ್ಕ, ಅವನ ಪಕ್ಕದವಳು ನಕ್ಕಳು. ನಾಲ್ವರು ಹಾಡು ಬಿಟ್ಟು ಹೊಟ್ಟೆ ಹಿಡಿದುಕೊಂಡರು. ಆಗ ಕಲ್ಲು ಒಂದಾಳು ಎದ್ದಿತು.

"ಇದೇನು ಹಾಡೂದು ಬಿಟ್ರ ಏಳತೈತಿ?" ಎಂದ ಅಪ್ಪ. ಮಾವನ ಗುಂಪಿನ ಇನ್ನಿಬ್ಬರು ಬೆರಗಿನಲ್ಲಿ ಬಾಯಿ ಮುಚ್ಚಿದರು. ಇನ್ನೊಂದಾಳು ಎದ್ದಿತು.

ಮಾಸ್ತರರು ಕೆಳಗಿನಿಂದ ಕೂಗಿದರು: "ಕಲ್ಲು ಬೋರಲು ಬಿದ್ದೈತಿ. ಕೆಳಗಿನದು ಮ್ಯಾಲಕ್ಕ ಎತ್ತತೈತಿ, ಮ್ಯಾಲಿನದು ಕೆಳಕ್ಕ ಒತ್ತತೈತಿ. ಎಂಟನ್ನ ಎಂಟರಿಂದ ಭಾಗಿಸಿದ್ರಿ, ಒಂದು ಬಂತು. ಒಬ್ಬರು ಹಾಡಿಧಂಗ ಆತು."

ನಿಜವಾಗಿತ್ತು. ಬಟ್ಟೆ ಒಗೆಯಲು ಹಾಕುವಾಗ ಅದನ್ನು ಮಗುಚಿದ್ದರು, ಯಾವ ಮೈ ಮೇಲಿರಬೇಕೆಂಬುದು ಯಾರಿಗೂ ನೆನಪಿರಲಿಲ್ಲ. ನಗುತ್ತಲೇ ಅದನ್ನು ತಿರುಗಿಸಿದರು. ಈ ಸಲ ಹದಿನಾರು ಜನ ಹಾಡಿದಾಗ ನಾನು ಬೇವಿನಮರದ ತುದಿ ದಾಟಿ ಹೋದೆ. ಆರಾಳು. ನಮ್ಮ ಇಡೀ ಓಣಿ ಸೇರಿ ಮಾಡುತ್ತಿದ್ದ ಕೆಲಸ. ಕೆಳಗೆ ಜನ ಹಾಡುತ್ತ ಹಾಡುತ್ತಲೇ ಕಣ್ಣು ಅಗಲ ಮಾಡಿ ನೋಡುತ್ತಿದ್ದರು. ಇಳಿದ ಮೇಲೆ ಅಪ್ಪ ಯಾರಿಗೋ ಎಂಬಂತೆ, "ಕೆಂಪುಗಲ್ಲು ಹಗುರ ಏಳತೈತಿ," ಎಂದ. ಮಾವ ಕೇಳಿಸಿಕೊಂಡು ಮೀಸೆ ನೀವಿಕೊಂಡ.

ಮದುವೆಯ ದಿನ ಬೆಳಗಿನ ಬಿಸಿಲು ಬಂಡೆಯ ಮೇಲೆ ಬಿದ್ದಿತ್ತು. ಮೇಲೆ ಅಂಚಿನಲ್ಲಿ ಗಂಡಿನ ಕಡೆಯವರು ಸಾಲಾಗಿ ನಿಂತಿದ್ದರು. ನಾನೇ ಹೊಲಿದ ಅಂಗಿ ತೊಟ್ಟು ಮಾಸ್ತರರು ಎಲ್ಲರಿಗಿಂತ ಮುಂದೆ ಬಂದು ನಿಂತಿದ್ದನ್ನು ಅವರ ತಾಯಿ ಹಿಂದಕ್ಕೆ ಎಳೆಯುತ್ತಿದ್ದರು. ನಾನು ಹಸಿರು ರೇಷ್ಮೆ ಸೀರೆಯುಟ್ಟು ಕೆಂಪುಗಲ್ಲಿನ ಮೇಲೆ ಕೂತೆ. ಅಪ್ಪ ಮೂವತ್ತೆರಡು ಸಾಕೆಂದರೂ ಕೇಳದೆ ಅರವತ್ತನಾಲ್ಕು ಜನರನ್ನೂ ಕರೆತಂದಿದ್ದ. ಮಾವನೂ ಹೇಳಿದಂತೆ ಮೂವತ್ತೆರಡು ಜನರನ್ನು ತಂದಿದ್ದ.

ಹಾಡು ಶುರುವಾಯಿತು. ಕರಿಗಲ್ಲು ಆರಾಳು ಏರಿತು. ಅದರ ಬೆನ್ನಿನಿಂದ ಕೆಂಪುಗಲ್ಲು ಒಂದಾಳು ಎದ್ದಿತು, ಎರಡಾಳು, ಮೂರಾಳು, ಅಲ್ಲಿಗೆ ನಿಂತಿತು. ಕೆಳಗೆ ನೋಡಿದೆ. ಮಾವನ ಗುಂಪಿನಲ್ಲಿ ಬಾಯಿಗಳು ಮೂವತ್ತೆರಡು, ಆದರೆ ತಿರುವು ಹಿಡಿಯುತ್ತಿದ್ದವರು ಅಭ್ಯಾಸಕ್ಕೆ ಬಂದಿದ್ದ ಹಳಬರೇ, ಎಂಟು ಜನ. ಉಳಿದವರು ಆ ಹಾಡು ಕೇಳದೆ ಬೆಳೆದ ಎಳೆಯರು. ಪಾಪ, ಕಷ್ಟಪಟ್ಟು ಹಿಂದೆ ಹಿಂದೆ ಎಳೆದುಕೊಂಡು ಬರುತ್ತಿದ್ದರು. ಕಲ್ಲು ಅವರನ್ನು ಎಣಿಸಲಿಲ್ಲ. ಆರಾಳು, ಮೂರಾಳು, ಒಟ್ಟು ಒಂಬತ್ತು. ಬಂಡೆಯ ಅಂಚು ನನ್ನ ತಲೆಗಿಂತಲೂ ಮೇಲಿತ್ತು. ಮಾಸ್ತರರು ಅಂಚಿನಲ್ಲಿ ಬೋರಲು ಮಲಗಿ ಕೈ ಚಾಚಿದರು. ನಾನು ಅದನ್ನು ಹಿಡಿಯಲಿಲ್ಲ. ಹಿಡಿದರೆ ಎಳೆದು ಹಾಕುತ್ತಿದ್ದರು, ಅದೂ ಹೊತ್ತುಕೊಂಡು ಹೋದ ಹಾಗೇ.

"ಒಂದಾಳು ಕಡಿಮಿ ಐತಿ," ಎಂದರು ಮಾಸ್ತರರು. "ಒಂದು ಕಡೆ ಎರಡರಷ್ಟು ಆಗಬೇಕು. ನಿಮ್ಮಪ್ಪನ ಕಡೆ ಆದ್ರ ಇನ್ನ ಅರವತ್ನಾಕು ಮಂದಿ ಬೇಕು. ನಿಮ್ಮ ಮಾವನ ಕಡೆ ಆದ್ರ ಎಂಟ ಮಂದಿ ಸಾಕು."

ನಾನು ಅದನ್ನೇ ಕೆಳಕ್ಕೆ ಕೂಗಿದೆ. ಎಂಟು ಮಂದಿ ಎಲ್ಲಿಂದ ಬರಬೇಕು ಎಂದು ಮಾವ ಹಾಡುತ್ತಲೇ ಎರಡೂ ಕೈ ಅಗಲಿಸಿದ. ಅಪ್ಪ ಹಾಡುತ್ತಲೇ ತನ್ನ ಗುಂಪಿಗೆ ಇನ್ನೂ ಜೋರು ಎಂದು ಕೈ ಬೀಸಿದ. ಜೋರಿನಿಂದ ಏನೂ ಆಗುವುದಿಲ್ಲವೆಂದು ಅವನಿಗೂ ಗೊತ್ತಿತ್ತು.

ಆಗ ಅವ್ವ ಸೆರಗು ತಲೆಯ ಮೇಲೆಳೆದುಕೊಂಡು ನಮ್ಮ ಗುಂಪಿನಿಂದ ಹೊರಗೆ ಬಂದಳು. ಬಾಯಿ ಮುಚ್ಚಿದ್ದಳು. ಕಲ್ಲು ಎರಡು ಬೆರಳಿನಷ್ಟು ಕೆಳಗಿಳಿಯಿತು. ಅಪ್ಪ ಕಣ್ಣರಳಿಸಿ ಅವಳನ್ನು ನೋಡಿದ. ಅವಳು ಅವನ ಕಡೆ ನೋಡದೆ, ನಡುವಿನ ಖಾಲಿ ಜಾಗ ದಾಟಿ, ಮಾವನ ಪಕ್ಕ ಹೋಗಿ ನಿಂತಳು. ಮಾವ ಕಣ್ಣೊರೆಸಿಕೊಂಡಿದ್ದು ನನಗೆ ಅಷ್ಟು ಎತ್ತರದಿಂದಲೂ ಕಂಡಿತು. ಮುಂದಿನ ತಿರುವು ಬಂದಾಗ ಅವ್ವ ಬಾಯಿ ತೆರೆದಳು. ಬಾವಿ ಓಣಿಯ ಸೊಸೆಯಾಗಿ ಬಂದಿದ್ದ ಅವಳು ಆ ಹಾಡು ಹಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಒಂದು ತಿರುವೂ ತಪ್ಪಲಿಲ್ಲ. ನಾನು ಒಂದು ಗೇಣು ಮೇಲೇರಿದೆ.

ಅಪ್ಪನಿಗೆ ಮಾತಾಡುವಂತಿರಲಿಲ್ಲ. ಮಾತಾಡಿದರೆ ಒಂದು ದನಿ ಕಡಿಮೆ. ಸ್ವಲ್ಪ ಹೊತ್ತು ಅವ್ವನನ್ನೇ ನೋಡುತ್ತ ಹಾಡಿದ. ಆಮೇಲೆ ಹಾಡು ನಿಲ್ಲಿಸದೆ ಹಿಂದಕ್ಕೆ ತಿರುಗಿ, ಗಡಿಯಾರ ಓಣಿಯಿಂದ ಬಂದಿದ್ದ ನಮ್ಮ ಓಣಿಯ ಸೊಸೆಯೊಬ್ಬಳ ಕಡೆ ನೋಡಿ, ಎಡಕ್ಕೆ ಕೈ ತೋರಿಸಿದ. ಅವಳು ಅನುಮಾನದಿಂದ ಅತ್ತೆಯ ಮುಖ ನೋಡಿದಳು. ಅತ್ತೆ ಅವಳನ್ನು ಮೆಲ್ಲಗೆ ತಳ್ಳಿದಳು. ಆ ಅತ್ತೆಯೂ ಆ ಓಣಿಯವಳೇ, ಅವಳೂ ಹಿಂದೆಯೇ ನಡೆದಳು. ಇನ್ನೊಬ್ಬಳು ಕಂಕುಳಲ್ಲಿದ್ದ ಕೂಸನ್ನು ಗಂಡನ ಕೈಗೆ ಕೊಟ್ಟು ಓಡಿದಳು. ನಾನು ಊರುಗೋಲು ಹಿಡಿದು ಎದ್ದು ನಿಂತೆ. ಎಂಟು ಜನ ಆ ಕಡೆ ಸೇರಿದಾಗ ಅಂಚು ನನ್ನ ಮೊಣಕಾಲಿನ ಹತ್ತಿರ ಬಂದಿತ್ತು. ಅಪ್ಪ ಇನ್ನೂ ಕೈ ಬೀಸುತ್ತಲೇ ಇದ್ದ, ಹೋಗ್ರಿ, ಹೋಗ್ರಿ ಎಂಬಂತೆ. ಇನ್ನೂ ಎಂಟು ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತವರಿನ ಕಡೆ ದಾಟಿದರು. ಹದಿನಾರು ಜನ ಬಿಟ್ಟುಹೋದರೂ ಕರಿಗಲ್ಲು ಅರ್ಧಾಳೂ ಇಳಿಯಲಿಲ್ಲ. ಕೆಂಪುಗಲ್ಲು ಒಂದೂವರೆ ಆಳಿಗಿಂತ ಹೆಚ್ಚು ಏರಿತು. ನಾನು ಅಂಚಿಗಿಂತ ಒಂದು ಗೇಣು ಮೇಲೆ ನಿಂತಿದ್ದೆ.

ಊರುಗೋಲು ಮೊದಲು ಊರಿದೆ, ಆಮೇಲೆ ಬಲಗಾಲು. ಮಾಸ್ತರರು ಕೈ ನೀಡದೆ ಪಕ್ಕದಲ್ಲಿ ನಿಂತಿದ್ದರು. ಬೆರಳುಗಳನ್ನು ಬಿಗಿಯಾಗಿ ಮಡಚಿಕೊಂಡಿದ್ದರು. ಎಡಗಾಲನ್ನೂ ಎಳೆದುಕೊಂಡು ಮಣ್ಣಿನ ಮೇಲೆ ನಿಂತ ಮೇಲೆ, "ಇನ್ನ ಹಿಡೀರಿ," ಎಂದೆ. ಅವರು ನನ್ನ ಕೈ ಹಿಡಿದುಕೊಂಡರು.

ಅಂಗಳಕ್ಕೆ ಹೋಗುವುದು ಬೇಡ, ಮದುವೆ ಇಲ್ಲೇ ಆಗಲಿ ಎಂದು ಮಾಸ್ತರರ ತಾಯಿಯೇ ಹೇಳಿದರು. ಅಂಚಿನ ಹತ್ತಿರ ಎರಡು ಮಣೆ ಹಾಕಿದರು. ಕೆಳಗೆ ಹಾಡು ನಿಂತಿರಲಿಲ್ಲ. ತಾಳಿ ಕಟ್ಟುವಾಗ ಕೆಳಗಿನವರಿಗೆ ಅಕ್ಷತೆ ಎಸೆಯಲು ಆಗದು, ಅಷ್ಟೆತ್ತರಕ್ಕೆ ಯಾರ ಕೈಯೂ ಮುಟ್ಟದು. ಅದಕ್ಕೆ ಮೇಲಿನವರು ಅಕ್ಷತೆಯ ತಟ್ಟೆಗಳನ್ನು ನಮ್ಮ ತಲೆಯ ಮೇಲೆ ಅರ್ಧ ಚೆಲ್ಲಿ, ಉಳಿದದ್ದನ್ನು ಅಂಚಿನಿಂದ ಕೆಳಗೆ ಸುರಿದರು. ಹಳದಿ ಅಕ್ಕಿ ಬಿಸಿಲಲ್ಲಿ ಮಿನುಗುತ್ತ ಇಳಿದು ಎರಡೂ ಗುಂಪಿನವರ ತಲೆಯ ಮೇಲೆ, ಭುಜದ ಮೇಲೆ, ತೆರೆದ ಬಾಯಿಯೊಳಗೆ ಕೂಡ ಬಿದ್ದಿತು. ಆಮೇಲೆ ಎಲ್ಲರೂ ಮೆಟ್ಟಿಲು ಹತ್ತಿ ಊಟಕ್ಕೆ ಬಂದರು. ಅಪ್ಪ ಮತ್ತು ಮಾವ ಎಲ್ಲರಿಗಿಂತ ಹಿಂದೆ, ಏದುಸಿರು ಬಿಡುತ್ತ, ಅಲ್ಲಲ್ಲಿ ಕೂತು ಎದ್ದು ಬಂದರು. ಇಬ್ಬರೂ ಮಾತಾಡುತ್ತಿರಲಿಲ್ಲ, ಉಸಿರೇ ಇರಲಿಲ್ಲ. ಆದರೆ ಮಾವನ ಕೈ ಅಪ್ಪನ ಹೆಗಲ ಮೇಲಿತ್ತು. ಎಲೆಯ ಮುಂದೆ ಕೂತ ಮೇಲೆ ಅಪ್ಪ ಮೊದಲ ಮಾತು ಆಡಿದ: "ಆ ಹಾಡು ಉದ್ದ ಐತಿ. ಆದ್ರ ಚಲೋ ಐತಿ, ಭಾವ." ಮಾವ ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತ, "ಕಲಿಸ್ತೀನಿ ಬಾ. ನಿನಗ ಎರಡು ವರ್ಷ ಹಿಡಿಯತೈತಿ," ಎಂದ.

ಗೌಜು ಎಲ್ಲ ಮುಗಿದ ಮೇಲೆ, ಒಂದು ದಿನ ಅವ್ವ ಕಲ್ಲಿನ ಮೇಲೆ ಕೂತು ಮೇಲೆ ಬರುತ್ತೇನೆಂದು ಹೇಳಿಕಳಿಸಿದಳು. ಮದುವೆಯ ದಿನ ಅವಳು ಮೆಟ್ಟಿಲು ಹತ್ತಿಯೇ ಬಂದಿದ್ದಳು. ಹೆಂಗಸರ ನಡುವೆ ಬಡಿಸುತ್ತ, ಒಲೆಯ ಮುಂದೆ ಓಡಾಡುತ್ತ ಅಂಚಿನ ಕಡೆ ಬರಲು ಅವಳಿಗೆ ಬಿಡುವು ಸಿಕ್ಕಿರಲಿಲ್ಲ. ಅಷ್ಟು ಹೊತ್ತಿಗೆ ಗಡಿಯಾರ ಓಣಿಯ ಎಳೆಯರಲ್ಲಿ ಕೆಲವರು ತಿರುವುಗಳನ್ನು ಹಿಡಿದಿದ್ದರು. ದಾಟಿದ್ದ ಸೊಸೆಯಂದಿರೇ ಅವರಿಗೆ ಕಲಿಸಿದ್ದರು. ನಾನು ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದೆ. ಎರಡು ಹಾಡು ಒಂದರೊಳಗೊಂದು ಹೆಣೆದುಕೊಂಡು ಕೇಳಿಸಿದವು. ಆಮೇಲೆ ಅವ್ವನ ತಲೆ ಕಂಡಿತು, ಆಮೇಲೆ ಮಡಿಲಲ್ಲಿ ಉಪ್ಪಿನಕಾಯಿ ಭರಣಿ ಹಿಡಿದ ಅವ್ವ.

ಭರಣಿ ನನ್ನ ಕೈಗೆ ಕೊಟ್ಟಳು. ಇಳಿಯಲಿಲ್ಲ. ಕೂತಲ್ಲೇ ತಿರುಗಿ ಕೆಳಗೆ ನೋಡಿದಳು.

"ನಮ್ಮನಿ ಯಾವುದ?"

ಬೊಟ್ಟು ಮಾಡಿ ನಮ್ಮ ಮಾಳಿಗೆ ತೋರಿಸಿದೆ.

"ಮತ್ತ ನಮ್ಮ ತವರಮನಿ?"

ಅದನ್ನೂ ತೋರಿಸಿದೆ. ಮೇಲಿನಿಂದ ನೋಡಿದರೆ ಎರಡು ಮಾಳಿಗೆಗಳ ಹಿಂಬದಿ ಹೆಚ್ಚುಕಡಿಮೆ ತಾಗಿಕೊಂಡೇ ಇದ್ದವು. ನಡುವೆ ಒಂದು ಕಿರಿದಾದ ಸಂದಿ. ಈ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕಿದವರು ಆ ಮಾಳಿಗೆಯವರಿಗೆ ಕೈ ಚಾಚಿ ಹಿಡಿ ತುಂಬ ಕೊಡಬಹುದಿತ್ತು. ಅವ್ವ ಒಂದನ್ನು ನೋಡಿದಳು, ಇನ್ನೊಂದನ್ನು ನೋಡಿದಳು.

"ಇಷ್ಟ ಹತ್ರ ಇತ್ತೇನ ನೀಲಾ?" ಎಂದಳು.

ಕೆಳಗೆ ಹಾಡು ನಡೆದೇ ಇತ್ತು. ಅಪ್ಪ ಇಳಿ ಎಂದು ಎರಡೂ ಕೈಯಿಂದ ಸನ್ನೆ ಮಾಡುತ್ತಿದ್ದ. ಮಾವನ ಗುಂಪಿನವರ ಮುಖಗಳು ಕೆಂಪಾಗಿದ್ದವು.

"ಅವ್ವ, ಇಳಿ. ಅವರ ಗಂಟಲ ಹೋಗತೈತಿ," ಎಂದೆ.

ಅವ್ವ ಕಾಲು ಮಡಚಿಕೊಂಡು ಇನ್ನಷ್ಟು ಅನುಕೂಲವಾಗಿ ಕೂತಳು.

"ಹಾಡ್ಲಿ ಬಿಡು," ಎಂದಳು. "ಇನ್ನೊಂದೀಟ ಹೊತ್ತು ಹಾಡ್ಲಿ."